ನಾಲ್ಕನೆಯ ಶರ್ಟು

ಆ ದಿನದ ಅವಾಂತರಕ್ಕೆಲ್ಲ ಮೂಲ ಲೆಕ್ಕದ ಸಾರ್ ಅವರ ಶರ್ಟುಗಳು. ಅವು ಇದ್ದದ್ದೇ ಮೂರು. ಕೊಳ್ಳಲು ಕೈಲಾಗದೆ ಅಲ್ಲ. ಮದುವೆಯಾದ ವರ್ಷವೇ ಒಂದು ಭಾನುವಾರ ಇಡೀ ಕೂತು, ಒಬ್ಬ ಮನುಷ್ಯನಿಗೆ ಎಷ್ಟು ಶರ್ಟು ಬೇಕು ಎಂದು ಅವರು ಲೆಕ್ಕ ಹಾಕಿದ್ದರು. ಒಂದು ಮೈಮೇಲೆ, ಒಂದು ತಂತಿಯ ಮೇಲೆ, ಒಂದು ಬೀರುವಿನಲ್ಲಿ. ನಾಲ್ಕನೆಯದಕ್ಕೆ ವರ್ಷದ ಯಾವ ದಿನವೂ ಕೆಲಸವಿಲ್ಲ. ಹೆಂಡತಿ ಹೊಸ ಶರ್ಟಿನ ಮಾತೆತ್ತಿದಾಗೆಲ್ಲ ಆ ಲೆಕ್ಕದ ಹಾಳೆಯನ್ನು ತೆಗೆದು ತೋರಿಸುತ್ತಿದ್ದರು. ಇಪ್ಪತ್ತಾರು ವರ್ಷದಿಂದ ಹಾಳೆಯೂ ಅದೇ, ಶರ್ಟಿನ ಸಂಖ್ಯೆಯೂ ಅದೇ.

ಅವರು ಓದಿದ್ದು ಗಣಿತ. ಇರುವುದರಲ್ಲೇ ಆದಷ್ಟು ಹೆಚ್ಚು ಕೆಲಸ ತೆಗೆಯುವುದು ಹೇಗೆ ಎಂದು ಹೇಳಿಕೊಡುವ ಗಣಿತ. ಹುಡುಗ ವಯಸ್ಸಿನಲ್ಲಿ ಪ್ಲೈವುಡ್ ಕಾರ್ಖಾನೆಯಲ್ಲಿದ್ದು, ಚೂರು ಕಡಿಮೆ ಉಳಿಯುವಂತೆ ಹಲಗೆ ಕತ್ತರಿಸುವ ಕ್ರಮ ಹುಡುಕಿಕೊಟ್ಟರು. ಆಮೇಲೆ ಅಗ್ನಿಶಾಮಕದವರ ಗಾಡಿಗಳು ಎಲ್ಲೆಲ್ಲಿ ನಿಂತರೆ ಬೆಂಕಿಗೆ ಹತ್ತಿರ ಎಂದು ಗುರುತು ಮಾಡಿಕೊಟ್ಟರು. ಕಳೆದ ಇಪ್ಪತ್ತೆರಡು ವರ್ಷದಿಂದ ಬಸ್ ಸಂಸ್ಥೆಯ ಟೈಮ್‌ಟೇಬಲ್ ರೂಮಿನಲ್ಲಿದ್ದರು. ಇನ್ನೂರ ಹನ್ನೊಂದು ಬಸ್ಸು ಎಷ್ಟು ಗಂಟೆಗೆ ಎಲ್ಲಿಂದ ಹೊರಡಬೇಕು, ಯಾವ ಡ್ರೈವರ್ ಯಾವುದನ್ನು ಹತ್ತಬೇಕು, ಎಲ್ಲವೂ ಅವರ ಪೆನ್ಸಿಲಿನಿಂದ ಇಳಿದದ್ದು. ಬಸ್ಸು ಹೊತ್ತಿಗೆ ಸರಿಯಾಗಿ ಬಂದರೆ ಅವರನ್ನು ನೆನೆಯುವವರು ಯಾರೂ ಇರಲಿಲ್ಲ. ಐದು ನಿಮಿಷ ತಡವಾದರೆ ಊರಿಗೆ ಊರೇ ನೆನೆಯುತ್ತಿತ್ತು.

ಊರಿನ ಮಾತು ಹಾಗಿರಲಿ. ಹೆಂಡತಿಯನ್ನು ಕಾಡುತ್ತಿದ್ದದ್ದು ಬೇರೆ: ಮನೆಯ ಫೋನು. ಯಾವ ಡಿಪೋದಲ್ಲಿ ಯಾವ ಡ್ರೈವರ್ ಕೈಕೊಟ್ಟರೂ ಬೆಳಗಿನ ನಾಲ್ಕೂವರೆಗೆ ಅದು ಬಡಿದುಕೊಳ್ಳುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಆಕೆ ಬೆಳಕು ಹರಿಯುವವರೆಗೆ ಮಲಗಿದ್ದು ತವರಿಗೆ ಹೋದಾಗ ಮಾತ್ರ.

ಅಂದು ಸಂಜೆ ನಾಲ್ಕಕ್ಕೆ ಸಂಸ್ಥೆಯ ಯೋಜನಾ ವಿಭಾಗಕ್ಕೆ ಮುಖ್ಯಸ್ಥರನ್ನು ಆರಿಸುವ ಸಂದರ್ಶನವಿತ್ತು. ಮುಖ್ಯಸ್ಥರ ಮನೆಯ ಫೋನು ಬೆಳಗ್ಗೆ ಹತ್ತಕ್ಕೆ ಮುಂಚೆ ಮಾತಾಡುವುದಿಲ್ಲ. ಲೆಕ್ಕದ ಸಾರ್ ನಿವೃತ್ತಿಗೆ ಉಳಿದದ್ದು ನಾಲ್ಕೇ ವರ್ಷ. ಹಿಂದೆ ಎರಡು ಸಲ ಹೋಗಿ ಬರಿಗೈಲಿ ಬಂದಿದ್ದರು. ಇದು ತಪ್ಪಿದರೆ ಮುಗಿಯಿತು.

"ರೀ, ಈ ಸಲ ಕೆಲಸ ಆಗ್ಲೇಬೇಕು," ಎಂದು ಹೆಂಡತಿ ವಾರದಿಂದ ಹೇಳುತ್ತಿದ್ದರು. "ನಿಮಗೋಸ್ಕರ ಅಲ್ಲ. ನನ್ನ ನಿದ್ದೆಗೋಸ್ಕರ."

ಅದೇ ದಿನ ಬೆಳಗ್ಗೆ ನಾಲ್ಕೂವರೆಗೆ ಫೋನು ಬಂತು. ಲೆಕ್ಕದ ಸಾರ್ ನಿದ್ದೆಗಣ್ಣಲ್ಲೇ ಬದಲಿ ಡ್ರೈವರನ ನಂಬರು ಗೀಚಿಕೊಂಡು, ಮುಚ್ಚಳ ಹಾಕದ ಪೆನ್ನನ್ನು ಜೇಬಿಗೆ ಸಿಕ್ಕಿಸಿ ಹಾಗೇ ಒರಗಿದರು. ಎದ್ದಾಗ ಮೊದಲನೆಯ ಶರ್ಟಿನ ಎದೆ ನೀಲಿಯಾಗಿತ್ತು. ಎರಡನೆಯದನ್ನು ತೆಗೆದು ತಾವೇ ಇಸ್ತ್ರಿ ಮಾಡಹೊರಟರು. ಇಸ್ತ್ರಿ ನಡೆಯುತ್ತಿರುವಾಗ ಏಳನೇ ನಂಬರ್ ಬಸ್ಸನ್ನು ಎರಡು ನಿಮಿಷ ಮುಂಚೆ ಬಿಟ್ಟರೆ ಹೇಗೆ ಎಂಬ ಯೋಚನೆ ಬಂತು. ಯೋಚನೆ ಮುಗಿದಾಗ ಶರ್ಟಿನ ಬೆನ್ನಿನಲ್ಲಿ ಇಸ್ತ್ರಿಪೆಟ್ಟಿಗೆಯದೇ ಆಕಾರದ ಒಂದು ಕಿಟಕಿ ತೆರೆದಿತ್ತು, ಇಸ್ತ್ರಿಪೆಟ್ಟಿಗೆಯೂ ಟುಸ್ ಎಂದು ಪ್ರಾಣ ಬಿಟ್ಟಿತ್ತು.

ಮೂರನೆಯದು ಬಕೆಟ್ಟಿನಲ್ಲಿ ನೆನೆಯುತ್ತಿತ್ತು.

"ನಾಲ್ಕನೇ ಶರ್ಟೊಂದು ಇದ್ದಿದ್ರೆ..." ಎಂದು ಸುಟ್ಟ ವಾಸನೆ ಹಿಡಿದು ಬಂದ ಹೆಂಡತಿ ಶುರು ಮಾಡಿದರು.

"ಅದು ಲೆಕ್ಕಕ್ಕೆ ಬರೋಲ್ಲ," ಎಂದರು ಲೆಕ್ಕದ ಸಾರ್, ಸುಟ್ಟ ಶರ್ಟನ್ನು ಬೆನ್ನ ಹಿಂದೆ ಮುಚ್ಚಿಡುತ್ತ. "ಈಗ ಒಂಬತ್ತು ಗಂಟೆ. ಹತ್ತಿಬಟ್ಟೆ, ಒಳ್ಳೆ ಬಿಸಿಲು. ಹನ್ನೆರಡೂವರೆಗೆ ಒಣಗುತ್ತೆ. ನೀನು ಒಗೆದುಕೊಡು, ನಾನು ಒಣಹಾಕಿ ಬರ್ತೀನಿ."

ಎಲ್ಲವೂ ಲೆಕ್ಕದಂತೆಯೇ ನಡೆಯಬಹುದಿತ್ತು. ಆದರೆ ತಾರಸಿಯ ಮೇಲೆ ನೆರೆಹೊರೆಯವರಿದ್ದರು.

ಆ ಕಟ್ಟಡದಲ್ಲಿ ಆರು ಮನೆ, ತಾರಸಿಯ ಮೇಲೆ ಬಟ್ಟೆ ಒಣಹಾಕಲು ಆರು ತಂತಿ. ಐದಕ್ಕೆ ದಿನವಿಡೀ ಬಿಸಿಲು. ಆರನೆಯದು ನೀರಿನ ಟ್ಯಾಂಕಿನ ಅಡಿ. ಅಲ್ಲಿ ಸದಾ ನೆರಳು, ಸಾಲದ್ದಕ್ಕೆ ಮೇಲಿಂದ ತೊಟ್ಟಿಕ್ಕುವ ನೀರು. ಯಾರು ಮೊದಲು ಹತ್ತಿ ಬರುತ್ತಾರೋ ಬಿಸಿಲು ಅವರದು. ಹಾಗಾಗಿ ದಿನಾ ಬೆಳಗ್ಗೆ ಮೆಟ್ಟಿಲ ಮೇಲೆ ಬಕೆಟ್ಟುಗಳ ಓಟ, ತಾರಸಿಯ ಮೇಲೆ ಜಗಳ. ಲೆಕ್ಕದ ಸಾರ್ ಹತ್ತಿ ಬಂದು ಖಾಲಿಯಿದ್ದ ಒಂದು ಬಿಸಿಲಿನ ತಂತಿಗೆ ಶರ್ಟು ಹಾಕಿ ಕ್ಲಿಪ್ಪು ಸಿಕ್ಕಿಸುವಷ್ಟರಲ್ಲಿ ಅಂದಿನ ಜಗಳ ರಂಗೇರಿತ್ತು.

"ಅಲ್ಲ ಮಾಸ್ತರ್ರೇ, ನಿಮ್ಮ ಬ್ಯಾಂಡ್ ಡ್ರೆಸ್ಸು ವಾರಕ್ಕೊಂದು ಸಲ," ಎನ್ನುತ್ತಿದ್ದರು ಎರಡನೇ ಮಹಡಿಯ ನರ್ಸಕ್ಕ. "ನಂದು ದಿನಾ ಬೇಕು. ಒದ್ದೆ ಬಟ್ಟೆ ಹಾಕ್ಕೊಂಡು ವಾರ್ಡಿಗೆ ಹೋದ್ರೆ ಕೊನೆಗೆ ನನ್ನನ್ನೇ ಮಲಗಿಸ್ಬೇಕಾಗುತ್ತೆ."

"ನಮ್ಮ ಡ್ರೆಸ್ಸಿನ ಜರಿ ನೆರಳಲ್ಲಿ ಕಪ್ಪಾಗುತ್ತೆ ತಾಯಿ," ಎಂದರು ಕೆಳಮನೆಯ ಬ್ಯಾಂಡ್ ಮಾಸ್ತರರು, ತುತ್ತೂರಿ ಊದಿ ಊದಿ ಉಬ್ಬಿದ್ದ ಕೆನ್ನೆಯನ್ನು ಇನ್ನಷ್ಟು ಉಬ್ಬಿಸಿ.

"ನನ್ನ ಏಪ್ರನ್ನುಗಳಿಗೆ ಜಾಗ ಬಿಟ್ಟು ಆಮೇಲೆ ಮಾತಾಡಿ," ಎಂದು ಎದುರುಮನೆಯ ಬೇಕರಿ ಮಾಲೀಕರು ಸೇರಿಕೊಂಡರು. ಅವರ ಒಂದು ಏಪ್ರನ್ ಹರಡಿದರೆ ಅರ್ಧ ತಂತಿ ಮಾಯ.

ಮೂವರ ಕಣ್ಣೂ ಒಟ್ಟಿಗೆ ಲೆಕ್ಕದ ಸಾರ್ ಮೇಲೆ ಬಿತ್ತು.

"ಸಾರ್, ಊರಿನ ಬಸ್ಸಿಗೆಲ್ಲ ಜಾಗ ಹುಡುಕಿಕೊಡ್ತೀರಿ. ನಮ್ಮ ಆರು ಮನೆ ಬಟ್ಟೆಗೆ ಹುಡುಕೋಕಾಗಲ್ವಾ?"

ಆ ಹೊತ್ತು 'ಇವತ್ತು ಸಂದರ್ಶನ ಇದೆ, ನಾಳೆ ನೋಡೋಣ' ಎಂದು ಕೆಳಗಿಳಿದಿದ್ದರೆ ಕತೆ ಬೇರೆಯಾಗುತ್ತಿತ್ತು. ಆದರೆ ಬಗೆಹರಿಯದ ಸಮಸ್ಯೆಯೊಂದನ್ನು ಕಣ್ಣೆದುರು ಹಾಗೇ ಬಿಟ್ಟುಬರುವುದು ಅವರ ಜಾತಕದಲ್ಲೇ ಇರಲಿಲ್ಲ. ಮುಖ ಅರಳಿತು. ಜೇಬಿನಿಂದ ಪೆನ್ಸಿಲು ಹೊರಬಂತು, ಬೇಕರಿಯವರ ರಟ್ಟಿನ ಪೆಟ್ಟಿಗೆಯೊಂದು ಹರಿದು ಹಾಳೆಯಾಯಿತು.

"ಬಹಳ ಸುಲಭ. ಒಂದೊಂದು ತಂತಿಗೂ ಒಂದೊಂದು ಮನೆಯವರೂ ಹತ್ತಕ್ಕೆ ಇಂತಿಷ್ಟು ಅಂತ ಅಂಕ ಕೊಡಿ. ಸಿಕ್ಕಿದ್ರೆ ಎಷ್ಟು ಖುಷಿ ಅನ್ನೋದರ ಅಂಕ. ಎಲ್ಲರ ಖುಷಿ ಕೂಡಿಸಿದಾಗ ಮೊತ್ತ ಎಲ್ಲಿ ಅತಿ ಹೆಚ್ಚು ಬರುತ್ತೋ ಆ ಹಂಚಿಕೆನೇ ಸರಿ. ಆಮೇಲೆ ಯಾರೂ ಉಸಿರೆತ್ತೋ ಹಾಗಿಲ್ಲ."

ಎಲ್ಲರೂ ಒಪ್ಪಿದರು. ನರ್ಸಕ್ಕ ಬಿಸಿಲಿನ ತಂತಿಗಳಿಗೆಲ್ಲ ಹತ್ತು ಬರೆಸಿ, ಟ್ಯಾಂಕಿನಡಿಯ ತಂತಿಗೆ ಸೊನ್ನೆ ಬರೆಸಿದರು. ಬ್ಯಾಂಡ್ ಮಾಸ್ತರರೂ ಹಾಗೇ, ಬೇಕರಿಯವರೂ ಹಾಗೇ. ಉಳಿದೆರಡು ಮನೆಯವರು ಕಿಟಕಿಯಿಂದಲೇ "ನಮಗೂ ಅದೇ!" ಎಂದು ಕೂಗಿದರು. ಕೊನೆಗೆ ಲೆಕ್ಕದ ಸಾರ್ ಮೆಟ್ಟಿಲಿಗೆ ಬಗ್ಗಿ ಹೆಂಡತಿಯನ್ನು ಕೇಳಿದರು. ಆಕೆ ಕೆಳಗೆ ಸುಟ್ಟ ಶರ್ಟನ್ನು ಪತ್ತೆ ಹಚ್ಚಿ ಅದರ ಕಿಟಕಿಯಲ್ಲಿ ಕೈ ತೂರಿಸಿ ನೋಡುತ್ತಿದ್ದರು.

"ಬಿಸಿಲಿದ್ದರೆ ಎಂಟು ಅಂತ ಹಾಕ್ಕೊಳ್ಳಿ," ಎಂದರು. "ಟ್ಯಾಂಕಿನ ಕೆಳಗಾದ್ರೆ ಐದು. ಎರಡು ದಿನಕ್ಕಾದ್ರೂ ಒಣಗುತ್ತಲ್ಲ. ಇಷ್ಟಕ್ಕೆಲ್ಲ ಯಾಕ್ರೀ ರಂಪ?"

ಲೆಕ್ಕ ಮುಗಿಯಲು ಎರಡು ನಿಮಿಷ ಸಾಕಾಯಿತು. ಉತ್ತರ ನೋಡಿ ಲೆಕ್ಕದ ಸಾರ್ ತಮ್ಮ ಶರ್ಟಿನ ಕಡೆ ತಿರುಗಿ ನೋಡಿದರು. ಬೇರೆ ಯಾರನ್ನು ಟ್ಯಾಂಕಿನಡಿಗೆ ಕಳಿಸಿದರೂ ಮೊತ್ತದಲ್ಲಿ ಹತ್ತು ಅಂಕ ನಷ್ಟ. ಅವರ ಮನೆಯನ್ನೇ ಕಳಿಸಿದರೆ ಮೂರೇ ನಷ್ಟ. ಸುಳ್ಳು ಹೇಳಿದ ಐದು ಮನೆಗೆ ಬಿಸಿಲು, ನಿಜ ಹೇಳಿದ ಒಂದು ಮನೆಗೆ ನೆರಳು. ಮತ್ತೊಮ್ಮೆ ಕೂಡಿಸಿದರು. ಲೆಕ್ಕ ಸರಿಯಾಗಿತ್ತು.

"ಏನ್ ಬಂತು ಸಾರ್?"

ಲೆಕ್ಕದ ಸಾರ್ ಎದ್ದು, ತಮ್ಮ ಶರ್ಟನ್ನು ತಾವೇ ತೆಗೆದು ಟ್ಯಾಂಕಿನಡಿಯ ತಂತಿಗೆ ಹಾಕಿದರು. ತಾರಸಿಯ ಮೇಲೆ ಚಪ್ಪಾಳೆಯೋ ಚಪ್ಪಾಳೆ. ಗಣಿತ ಇಷ್ಟು ಒಳ್ಳೆಯದೆಂದು ತಮಗೆ ಗೊತ್ತೇ ಇರಲಿಲ್ಲ ಎಂದು ಬೇಕರಿಯವರು ಕಣ್ಣೊರೆಸಿಕೊಂಡರು.

ಹನ್ನೆರಡೂವರೆಗೆ ನೋಡಿದಾಗ ಶರ್ಟು ಹಾಗೇ ಇತ್ತು. ಒಂದೂವರೆಗೆ ಟ್ಯಾಂಕು ತುಂಬಿ ಹರಿಯಿತು. ಎರಡಕ್ಕೆ ಶರ್ಟು ಬೆಳಗಿಗಿಂತ ಒದ್ದೆಯಾಗಿತ್ತು. ಫ್ಯಾನಿನ ಕೆಳಗೆ ಹಿಡಿದರೆ ಗೋಡೆಯೆಲ್ಲ ನೀರಾಯಿತೇ ಹೊರತು ಶರ್ಟು ಒಣಗಲಿಲ್ಲ. ಹೊಸದು ತರೋಣವೆಂದರೆ ಮೂಲೆಯ ಬಟ್ಟೆ ಅಂಗಡಿ ಮಧ್ಯಾಹ್ನ ಬಾಗಿಲು ಹಾಕಿದರೆ ತೆಗೆಯುವುದು ನಾಲ್ಕಕ್ಕೆ. ಹೆಂಡತಿ ತಲೆಯ ಮೇಲೆ ಕೈಹೊತ್ತು ಕೂತರು. ಎರಡೂ ಐವತ್ತಕ್ಕೆ ಬಸ್ಸು. ಅದು ಒಂದು ನಿಮಿಷವೂ ನಿಲ್ಲುವುದಿಲ್ಲ, ನಿಲ್ಲದ ಹಾಗೆ ಗೆರೆ ಎಳೆದವರು ಇವರೇ.

ಸುದ್ದಿ ಕೇಳಿ ಬ್ಯಾಂಡ್ ಮಾಸ್ತರರು ಓಡಿ ಬಂದರು. ಬೆಳಗಿನ ಉಪಕಾರ ಅವರ ಮನಸ್ಸಿನಲ್ಲಿ ಹಸಿಯಾಗಿತ್ತು.

"ಛೇ, ನಾನಿಲ್ವಾ ಸಾರ್! ನಿಮ್ಮ ಅಳತೆ ನನ್ನ ಅಳತೆ ಒಂದೇ. ಉಳಿದಿದ್ದೆಲ್ಲ ತಂತಿ ಮೇಲಿದೆ, ಇದೊಂದೇ ಇಸ್ತ್ರಿ ಆಗಿರೋದು. ಏಳು ಗಂಟೆಗೆ ನನಗೆ ಪ್ರೋಗ್ರಾಮಿದೆ, ಅಷ್ಟರಲ್ಲಿ ಕೊಟ್ಟುಬಿಡಿ."

ಕಡುಗೆಂಪು ಬಣ್ಣ, ಹನ್ನೆರಡು ಚಿನ್ನದ ಗುಂಡಿ, ಭುಜದ ಮೇಲೆ ಜರಿಯ ಕುಚ್ಚು, ಎದೆಗೆ ಅಡ್ಡಡ್ಡ ಹಳದಿ ಪಟ್ಟಿ. ಲೆಕ್ಕದ ಸಾರ್ ಅದನ್ನು ತೊಟ್ಟು ಕನ್ನಡಿಯ ಮುಂದೆ ನಿಂತರು. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಅಳುವುದಕ್ಕೋ ನಗುವುದಕ್ಕೋ ಎಂದು ಕೇಳಲು ಸಮಯವಿರಲಿಲ್ಲ.

ಬಸ್ಸಿನಲ್ಲಿ ಕಂಡಕ್ಟರು ಅವರನ್ನು ಮೇಲಿಂದ ಕೆಳಗೆ ನೋಡಿದ. "ವಾದ್ಯಕ್ಕೆ ಬೇರೆ ಟಿಕೆಟ್ ಆಗುತ್ತೆ."

"ವಾದ್ಯ ಇಲ್ಲಪ್ಪ."

"ವಾದ್ಯ ಇಲ್ದೆ ಏನ್ ಬಾರಿಸ್ತೀರಿ?"

ಪಕ್ಕದ ಸೀಟಿನ ಅಜ್ಜಿ ಬಗ್ಗಿ, ಮೊಮ್ಮಗಳ ಮದುವೆಗೆ ನಿಮ್ಮ ತಂಡ ಬರುತ್ತದೆಯೇ, ಎಷ್ಟು ಜನ ಬರುತ್ತೀರಿ ಎಂದು ವಿಚಾರಿಸಿದರು. ಲೆಕ್ಕದ ಸಾರ್ ಕಿಟಕಿಯಾಚೆ ನೋಡುತ್ತ ಕೂತರು. ಬಸ್ಸು ಮಾತ್ರ ಹೊತ್ತಿಗೆ ಸರಿಯಾಗಿ ಹೋಗಿ ನಿಂತಿತು.

ಕಚೇರಿಯ ಮೂರನೇ ಮಹಡಿ. ಲಿಫ್ಟು ಇಲ್ಲ. ಮೆಟ್ಟಿಲ ತಿರುವಿನಲ್ಲಿ ನಕ್ಷೆ ವಿಭಾಗದ ಗೆಳೆಯರು ಮೊಣಕಾಲು ಹಿಡಿದುಕೊಂಡು ಏದುಸಿರು ಬಿಡುತ್ತಿದ್ದರು. ಕಚೇರಿಯಲ್ಲಿ ಎಲ್ಲರೂ ಅವರನ್ನು ನಕ್ಷೆಯವರು ಎಂದೇ ಕರೆಯುವುದು. ಮುಖ್ಯಸ್ಥರ ಕುರ್ಚಿಯೊಂದಿಗೆ ಇನ್ನೂ ನಾಲ್ಕು ಕುರ್ಚಿಗಳಿಗೆ ಅಂದು ಜನರನ್ನು ಗೊತ್ತುಮಾಡುವುದಿತ್ತು. ಐವರಲ್ಲಿ ಅವರೂ ಒಬ್ಬರು. ಆದರೆ ಅವರ ಕಣ್ಣು ಮೂರನೇ ಮಹಡಿಯ ಮುಖ್ಯಸ್ಥರ ಕುರ್ಚಿಯ ಮೇಲಿರಲಿಲ್ಲ, ಟೈಮ್‌ಟೇಬಲ್ ರೂಮಿನ ಮೇಲಿತ್ತು. ಅದಿರುವುದು ನೆಲಮಹಡಿಯಲ್ಲಿ.

"ಏನ್ ಸಾರ್ ಈ ವೇಷ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ತಮ್ಮ ಗೋಳು ತೆಗೆದರು. "ಹೋದ ವಾರ ಕಾಲಿಗೆ ಬಿದ್ದು ಕೇಳ್ಕೊಂಡೆ. ನಿಮ್ಮ ರೂಮಿಗೆ ಯಾರು ಎಷ್ಟು ಲಾಯಕ್ಕು ಅಂತ ಅಂಕ ಕೊಡೋರು ನೀವೇ. ನನಗೆ ಒಂಬತ್ತು ಹಾಕಿ ಅಂದ್ರೆ ಏಳು ಹಾಕಿದ್ದೀರಂತೆ!"

"ನಿಮಗೆ ಏಳೇ ಬರೋದು. ಡ್ರೈವರುಗಳ ಪಾಳಿ ಹಾಕೋದ್ರಲ್ಲಿ ನೀವು ಸ್ವಲ್ಪ ನಿಧಾನ."

"ಎರಡೇ ಅಂಕ ಸಾರ್! ಯಾರಿಗೆ ನಷ್ಟ ಆಗ್ತಿತ್ತು?"

"ಏಳು ಅಂದ್ರೆ ಏಳು," ಎಂದು ಲೆಕ್ಕದ ಸಾರ್ ಕುಚ್ಚು ಕುಣಿಸುತ್ತ ಒಳಗೆ ಹೋದರು.

ಆಯ್ಕೆ ಸಮಿತಿಯಲ್ಲಿ ಮೂವರು. ಹಿಂದಿನ ಎರಡು ಸಲವೂ ಇದೇ ಅಧ್ಯಕ್ಷರು ಅವರಿಗೆ ಆರು ಅಂಕ ಕೊಟ್ಟು, 'ಕೆಲಸ ಉತ್ತಮ, ಎದುರಿಗೆ ನಿಂತರೂ ಕಣ್ಣಿಗೆ ಕಾಣಿಸುವುದಿಲ್ಲ' ಎಂದು ಷರಾ ಬರೆದಿದ್ದರು. ಈ ಸಲ ಬಾಗಿಲಲ್ಲಿ ಕೆಂಪು ಕಂಡದ್ದೇ ಮೂವರೂ ತಮಗರಿವಿಲ್ಲದೆ ಎದ್ದು ನಿಂತುಬಿಟ್ಟರು. ನಿಂತ ಮೇಲೆ ಹಾಗೇ ಕೂರುವುದು ಹೇಗೆಂದು ಅಧ್ಯಕ್ಷರು ಕೈಯನ್ನೂ ಕುಲುಕಿದರು.

"ಬನ್ನಿ, ಬನ್ನಿ. ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ರಿ ಈ ಕಳೇನ? ನಾಲ್ಕು ಜನರ ಮುಂದೆ ನಿಲ್ಲೋನು ಹೀಗಿರ್ಬೇಕು ನೋಡಿ!"

ಪ್ರಶ್ನೆಗಳು ಎರಡೇ. ಎರಡಕ್ಕೂ ಅವರು ಉತ್ತರಿಸುವಾಗ ಸಮಿತಿಯವರು ಚಿನ್ನದ ಗುಂಡಿಗಳನ್ನೇ ನೋಡುತ್ತಿದ್ದರು. ಮುಖ್ಯಸ್ಥರ ಕುರ್ಚಿಗೆ ಅವರ ಹೆಸರಿನ ಮುಂದೆ ಒಂಬತ್ತು ಬಿತ್ತು. ಉಳಿದವರ ಸಂದರ್ಶನವೂ ಮುಗಿದ ಮೇಲೆ ಐವರನ್ನೂ ಒಳಗೆ ಕರೆದರು.

"ಐದು ಜನ, ಐದು ಕುರ್ಚಿ," ಎಂದರು ಅಧ್ಯಕ್ಷರು. "ಹನ್ನೆರಡು ವರ್ಷದ ಹಿಂದೆ ಇವರೇ ಮಾಡಿಕೊಟ್ಟ ವಿಧಾನ. ಒಂದೊಂದು ಕುರ್ಚಿಗೆ ಒಬ್ಬೊಬ್ಬರಿಗೂ ಅಂಕ. ಎಲ್ಲ ಕೂಡಿದಾಗ ಮೊತ್ತ ಅತಿ ಹೆಚ್ಚು ಬರೋ ಹಾಗೆ ಕೂರಿಸ್ಬೇಕು. ಹಾಗೇ ಕೂರಿಸಿದ್ದೀವಿ, ನಲವತ್ತೊಂದು ಬಂದಿದೆ. ನಕ್ಷೆಯವರು ಟೈಮ್‌ಟೇಬಲ್ ರೂಮಿಗೆ. ಮುಖ್ಯಸ್ಥರು..." ಎಂದು ನಿಲ್ಲಿಸಿ, ಕೆಂಪು ಶರ್ಟಿನ ಕಡೆ ಕೈ ತೋರಿಸಿದರು. "ಶುಭಾಶಯ!"

ಲೆಕ್ಕದ ಸಾರ್ ಭುಜದ ಕುಚ್ಚು ಸರಿಮಾಡಿಕೊಂಡರು. ಇಪ್ಪತ್ತೆರಡು ವರ್ಷ! ಬೆಳಗಿನ ನಾಲ್ಕೂವರೆಗೆ ಹೆಂಡತಿ ಹಾಯಾಗಿ ಗೊರಕೆ ಹೊಡೆಯುವುದು ಕಿವಿಗೇ ಕೇಳಿಸಿದಂತಾಯಿತು. ನಕ್ಷೆಯವರು ಮೊಣಕಾಲು ಸವರಿಕೊಂಡು ಆನಂದಬಾಷ್ಪ ಸುರಿಸಿದರು. ಬಾಗಿಲಲ್ಲಿ ನಿಂತಿದ್ದ ಅಟೆಂಡರು ಅಲ್ಲಿಂದಲೇ ಓಡಿಹೋಗಿ ಲೆಕ್ಕದ ಸಾರ್ ಮನೆಗೆ ಫೋನು ಹಚ್ಚಿದ.

"ಇನ್ನೊಂದೇ ಕೆಲಸ," ಎಂದು ಅಧ್ಯಕ್ಷರು ಹಾಳೆಯನ್ನು ಮುಂದೆ ನೂಕಿದರು. "ಲೆಕ್ಕ ಸರಿಯಿದೆ ಅಂತ ಸಂಸ್ಥೆಯ ಗಣಿತಜ್ಞರ ಸಹಿ ಬೇಕು. ನಿಯಮ. ಇರೋರು ನೀವೊಬ್ಬರೇ. ಹಾಕಿಬಿಡಿ."

ಬೇರೆ ಯಾರಾಗಿದ್ದರೂ ಹಾಕಿಬಿಡುತ್ತಿದ್ದರು. ಲೆಕ್ಕದ ಸಾರ್ ಪೆನ್ನಿನ ಮುಚ್ಚಳವನ್ನೂ ತೆಗೆದಿದ್ದರು. ಆದರೆ ಕಣ್ಣು ಹಾಳೆಯ ಮೇಲೆ ಹರಿಯಿತು. ಐದು ಜನರನ್ನು ಐದು ಕುರ್ಚಿಯಲ್ಲಿ ನೂರಿಪ್ಪತ್ತು ರೀತಿ ಕೂರಿಸಬಹುದು. ಸಮಿತಿಯವರು ಅಂದಾಜಿನಲ್ಲಿ ನಾಲ್ಕೋ ಐದೋ ರೀತಿ ನೋಡಿ ಬಿಟ್ಟಿದ್ದರು. ಲೆಕ್ಕದ ಸಾರ್ ತಲೆ ಮಾತ್ರ ಯಾರೂ ಕೇಳದೇ ಇದ್ದರೂ ನೂರಿಪ್ಪತ್ತನ್ನೂ ನೋಡಿ ಮುಗಿಸಿತು. ಪೆನ್ನು ಗಾಳಿಯಲ್ಲೇ ನಿಂತಿತು.

"ಏನಾಯ್ತು?"

ಸುಮ್ಮನಿರು ಎಂದು ಮನಸ್ಸು ಹೇಳಿತು. ಸುಮ್ಮನಿರು, ಒಂದೇ ಒಂದು ಸಲ ಸುಮ್ಮನಿರು ಎಂದು ಅಂಗಲಾಚಿತು. ಆದರೆ ಬಾಯಿ ಆಗಲೇ ತೆರೆದಿತ್ತು.

"ಸಾರ್... ಇದರಲ್ಲಿ ಒಂದು ಅಂಕ ಸೋರಿಹೋಗಿದೆ."

"ಅಂದ್ರೆ?"

"ನನಗೆ ಮುಖ್ಯಸ್ಥರ ಕುರ್ಚೀಲಿ ಒಂಬತ್ತು. ನಕ್ಷೆಯವರಿಗೆ ಟೈಮ್‌ಟೇಬಲ್ ರೂಮಲ್ಲಿ ಏಳು. ಸೇರಿ ಹದಿನಾರು. ಆದ್ರೆ ನೀವು ನಕ್ಷೆಯವರಿಗೆ ಮುಖ್ಯಸ್ಥರ ಕುರ್ಚೀಲೂ ಏಳು ಕೊಟ್ಟಿದ್ದೀರಿ. ನನಗೆ ನಾನೇ ಅಂಕ ಹಾಕ್ಕೊಳ್ಳೋ ಹಾಗಿಲ್ಲ ಅಂತ ಟೈಮ್‌ಟೇಬಲ್ ರೂಮಲ್ಲಿ ನೀವೇ ಹತ್ತಕ್ಕೆ ಹತ್ತು ಕೊಟ್ಟಿದ್ದೀರಿ. ನಾವಿಬ್ಬರೂ ಅದಲುಬದಲಾದ್ರೆ ಹದಿನೇಳು. ಒಟ್ಟು ಮೊತ್ತ ನಲವತ್ತೆರಡು."

ಅಧ್ಯಕ್ಷರು ಬೆರಳು ಮಡಿಸಿ ಎರಡು ಸಲ ಎಣಿಸಿದರು. ನಲವತ್ತೆರಡೇ ಬಂತು. ಅವರ ಮುಖದಲ್ಲಿ ಮೆಚ್ಚುಗೆಯೂ ಕನಿಕರವೂ ಒಟ್ಟಿಗೆ ಮೂಡಿದವು.

"ನಿಯಮ ಅಂದ್ರೆ ನಿಯಮ. ನೀವೇ ಮಾಡಿದ್ದು," ಎಂದು ಹಳೇ ಸಾಲಿಗೆ ಕಾಟು ಹಾಕಿ ಹೊಸದಾಗಿ ಬರೆದರು. "ಈಗ ಸಹಿ ಹಾಕಿ."

ಲೆಕ್ಕದ ಸಾರ್ ಸಹಿ ಹಾಕಿದರು.

ಹೊರಗೆ ಮೆಟ್ಟಿಲ ಮೇಲೆ ಹೊಸ ಮುಖ್ಯಸ್ಥರಾದ ನಕ್ಷೆಯವರು ಕುಸಿದು ಕೂತಿದ್ದರು. "ದಿನಾ ಮೂರು ಮಹಡಿ! ಈ ಕಾಲಲ್ಲಿ! ಸಾರ್, ನೀವು ಹೋದ ವಾರ ಏಳರ ಬದಲು ಒಂಬತ್ತು ಹಾಕಿದ್ರೆ ಒಂಬತ್ತು ಒಂಬತ್ತು ಹದಿನೆಂಟು ಆಗ್ತಿತ್ತು. ನೀವು ಮೇಲೆ, ನಾನು ಕೆಳಗೆ. ಇಬ್ರೂ ಬದುಕ್ತಿದ್ವಿ!"

ಲೆಕ್ಕದ ಸಾರ್ ಅವರ ಪಕ್ಕದಲ್ಲೇ ಕೂತು ಯೋಚಿಸಿ ನೋಡಿದರು. ಗೆಳೆಯ ಹಾಕಿದ ಲೆಕ್ಕದಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ಇಬ್ಬರೂ ಸೇರಿ ಸುಮಾರು ಹೊತ್ತು ನಿಟ್ಟುಸಿರು ಬಿಟ್ಟರು. ಆಮೇಲೆ ನಕ್ಷೆಯವರ ತೋಳು ಹಿಡಿದು ಲೆಕ್ಕದ ಸಾರ್ ಅವರನ್ನು ಮೆಲ್ಲನೆ ಕೆಳಗಿಳಿಸಿದರು.

ಮನೆ ಮುಟ್ಟಿದಾಗ ಬಾಗಿಲಿಗೆ ಬೀಗ. ತಾರಸಿಯಿಂದ ನಗು ಕೇಳಿಸುತ್ತಿತ್ತು. ಹತ್ತಿ ಹೋದರೆ ಇಡೀ ಕಟ್ಟಡವೇ ಅಲ್ಲಿತ್ತು. ಬ್ಯಾಂಡ್ ಮಾಸ್ತರರು ತುತ್ತೂರಿ ಎತ್ತಿ ಒಂದು ಸಲ ಭರ್ರನೆ ಊದಿದರು. ನರ್ಸಕ್ಕ, "ಮುಖ್ಯಸ್ಥರು ಬಂದ್ರು!" ಎಂದು ಕೂಗಿದರು.

"ಮುಖ್ಯಸ್ಥರ ಮನೆ ಬಟ್ಟೆ ಟ್ಯಾಂಕಿನ ಕೆಳಗಾ? ನಮಗೇ ಅವಮಾನ," ಎಂದರು ಬೇಕರಿಯವರು. "ನಾನೇ ನನ್ನ ತಂತಿ ಬಿಟ್ಟುಕೊಟ್ಟೆ. ನೋಡಿ!"

ತಾರಸಿಯ ನಟ್ಟನಡುವೆ, ಸಂಜೆಯ ಬಿಸಿಲು ಪೂರ್ತಿ ಬೀಳುವ ತಂತಿಯ ಮೇಲೆ, ಬೆಳಗಿನ ಶರ್ಟು ತೂಗುತ್ತಿತ್ತು. ಅದರ ಪಕ್ಕದಲ್ಲಿ ಆಕಾಶನೀಲಿಯ ಒಂದು ಹೊಚ್ಚಹೊಸ ಶರ್ಟು, ಒದ್ದೆಯಾಗಿ, ಮಿರಮಿರ ಮಿಂಚುತ್ತ.

"ಫೋನು ಬಂದ ತಕ್ಷಣ ಮೂಲೆ ಅಂಗಡಿಗೆ ಹೋಗಿ ತಂದೆ," ಎಂದರು ಹೆಂಡತಿ. ಅವರ ಮುಖದಲ್ಲಿ ಅಂಥ ಸಂಭ್ರಮ ನೋಡಿ ಎಷ್ಟೋ ವರ್ಷವಾಗಿತ್ತು. "ಹೊಸದು ತೊಳೀದೆ ಹಾಕ್ಕೋಬಾರ್ದು ಅಂತ ಒಂದು ಸಲ ನೀರಿಗೆ ಹಾಕ್ದೆ. ಲೆಕ್ಕ ತೆಗೀಬೇಡಿ, ಇವತ್ತೊಂದು ದಿನ!"

ಲೆಕ್ಕದ ಸಾರ್ ಕಣ್ಣು ತುಂಬಿತು. ಬ್ಯಾಂಡಿನ ಶರ್ಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚುತ್ತ, ಒಂದೊಂದು ಗುಂಡಿಗೆ ಒಂದೊಂದು ಮಾತಿನಂತೆ, ನಡೆದದ್ದನ್ನೆಲ್ಲ ಹೇಳಿದರು. ಹನ್ನೆರಡನೆಯ ಗುಂಡಿಗೆ ಕತೆ ಮುಗಿಯಿತು.

ಬೇಕರಿಯವರು ಕೆಮ್ಮಿದರು. "ಹಾಗಾದ್ರೆ ಸಾರ್... ಬೆಳಗ್ಗೆ ನೀವು ಹಾಕಿದ ಲೆಕ್ಕಾನೇ... ಅಂದ್ರೆ, ಲೆಕ್ಕ ಅಂದ್ಮೇಲೆ ಲೆಕ್ಕಾನೇ ಅಲ್ವಾ?"

"ಲೆಕ್ಕಾನೇ," ಎಂದರು ಲೆಕ್ಕದ ಸಾರ್.

ಬೇಕರಿಯವರು ಬಹಳ ಮರ್ಯಾದೆಯಿಂದ, ಎರಡೂ ಶರ್ಟಿನ ಕ್ಲಿಪ್ಪು ತೆಗೆದು, ಸುಕ್ಕಾಗದಂತೆ ಎತ್ತಿಕೊಂಡು ಹೋಗಿ ಟ್ಯಾಂಕಿನ ಅಡಿಯ ತಂತಿಗೆ ಹಾಕಿದರು. ಬ್ಯಾಂಡ್ ಮಾಸ್ತರರು ಕೆಂಪು ಶರ್ಟನ್ನು ಮಡಿಸಿ ಕಂಕುಳಿಗೆ ಸೇರಿಸಿ, ಏಳು ಗಂಟೆಯ ಪ್ರೋಗ್ರಾಮಿಗೆ ತಡವಾಯಿತೆಂದು ಇಳಿದರು. ಒಬ್ಬೊಬ್ಬರಾಗಿ ಎಲ್ಲರೂ ಜಾಗ ಖಾಲಿ ಮಾಡಿದರು. ಬನಿಯನ್ನಿನಲ್ಲಿ ನಿಂತಿದ್ದ ಲೆಕ್ಕದ ಸಾರ್, ಹೆಂಡತಿ ಈಗ ಬೈಯುತ್ತಾರೆ, ಈಗ ಅಳುತ್ತಾರೆ ಎಂದು ಕಾದರು.

"ಮೊತ್ತ ಎಷ್ಟಾಯ್ತು ಅಂದ್ರಿ?" ಎಂದು ಕೇಳಿದರು ಹೆಂಡತಿ.

"ನಲವತ್ತೆರಡು."

"ನೀವು ಬಾಯಿ ಮುಚ್ಕೊಂಡಿದ್ದಿದ್ರೆ?"

"ನಲವತ್ತೊಂದು."

ಆಕೆ, ಮಧ್ಯಾಹ್ನದಿಂದ ಸೆರಗಿನಲ್ಲಿ ಒತ್ತಿಟ್ಟಿದ್ದ ನಗು ತಡೆಯಲಾರದೆ, ಅಲ್ಲೇ ಕಟ್ಟೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. "ಈ ಒಂದು ಅಂಕಾನ ಚೌಕಟ್ಟು ಹಾಕಿಸಿ ಫೋನಿನ ಮೇಲೆ ನೇತುಹಾಕಿ. ನಾಲ್ಕೂವರೆಗೆ ಎದ್ದಾಗ ನೋಡ್ಕೋತೀನಿ. ಸರಿ, ನಾಳೆ ಆಫೀಸಿಗೆ ಏನ್ ಹಾಕ್ಕೊಂಡು ಹೋಗ್ತೀರಿ?"

ಲೆಕ್ಕದ ಸಾರ್ ಮನಸ್ಸಿನಲ್ಲೇ ಎಣಿಸಿದರು. ಒಂದಕ್ಕೆ ಇಂಕು. ಒಂದಕ್ಕೆ ಕಿಟಕಿ. ಇನ್ನೆರಡು ಟ್ಯಾಂಕಿನಡಿ, ನಾಡಿದ್ದು ಒಣಗಿದರೆ ಪುಣ್ಯ. ಶರ್ಟು ನಾಲ್ಕಾದರೂ ನಾಳೆ ಬೆಳಗ್ಗೆ ಮತ್ತೆ ಬ್ಯಾಂಡ್ ಮಾಸ್ತರರ ಬಾಗಿಲು ಬಡಿಯುವುದೇ ಗತಿ. ಅಂದರೆ ಇಪ್ಪತ್ತಾರು ವರ್ಷದ ಹಿಂದೆ ತಾವು ಹಾಕಿದ ಲೆಕ್ಕ ನೂರಕ್ಕೆ ನೂರು ಸರಿ. ನಾಲ್ಕನೆಯ ಶರ್ಟಿನಿಂದ ಏನೇನೂ ಪ್ರಯೋಜನವಿಲ್ಲ!

ಹೇಳಿಬಿಡಲೆಂದು ಬಾಯಿ ತೆರೆದರು. ಹೆಂಡತಿ ಆ ನೀಲಿ ಶರ್ಟಿನ ತೋಳನ್ನು ಮೆಲ್ಲನೆ ಹಿಂಡಿ, ಟ್ಯಾಂಕಿನ ಹನಿ ಬೀಳದ ಕಡೆಗೆ ಸರಿಸುತ್ತಿದ್ದರು.

ಲೆಕ್ಕದ ಸಾರ್ ಬಾಯಿ ಮುಚ್ಚಿಕೊಂಡರು. ಸರಿಯಾದ ಉತ್ತರವೊಂದನ್ನು ಯಾರಿಗೂ ಹೇಳದೆ ನುಂಗಿಕೊಂಡದ್ದು ಅವರ ಜೀವಮಾನದಲ್ಲಿ ಅದೇ ಮೊದಲು. ಎರಡು ಗಂಟೆ ಮೊದಲೇ ಈ ವಿದ್ಯೆ ಬಂದಿದ್ದರೆ ಅವರು ಮುಖ್ಯಸ್ಥರಾಗಿರುತ್ತಿದ್ದರು.